ಮೂರು ಸಲ ಬಂದ ಹುಡುಗಿ

ಪೋಲಿಯೊ ಭಾನುವಾರ ಮುಗಿದು ತಿಂಗಳಾದ ಮೇಲೆ ಹರವೆಯ ನಮ್ಮ ಬೀದಿಗೆ ಒಬ್ಬ ಹುಡುಗಿ ಬಂದಳು. ಎಷ್ಟು ಮಕ್ಕಳಿಗೆ ಹನಿ ಬಿದ್ದಿದೆ ಅಂತ ಮನೆಮನೆ ಕೇಳಿ ಮೊಬೈಲಿಗೆ ತುಂಬೋದು ಅವಳ ಕೆಲಸ. ನಾನು ಗುಂಡ್ಲುಪೇಟೆಗೆ ಹೊರಟು ಗೂಡ್ಸ್ ಆಟೋಗೆ ಈರುಳ್ಳಿ ಮೂಟೆ ಹೇರ್ತಿದ್ದೆ, ಮಗಳು ಜಗಲಿ ಮೇಲೆ ಆಡ್ತಿದ್ದಳು.

"ಅಣ್ಣ, ಪಾಪು ಅಮ್ಮನ್ನ ಕರೀರಿ."

"ಹನಿ ಹಾಕ್ಸಿದ್ದು ನಾನೇ ಕಣಮ್ಮ. ಅಂಗನವಾಡಿಗೆ ನಾನೇ ಎತ್ಕೊಂಡು ಓಗಿದ್ದೆ."

ಮಗಳ ಕಿರುಬೆರಳು ನೋಡಿದಳು. ಶಾಯಿ ಅಳಿಸಿ ಹೋಗಿತ್ತು.

"ಗುರುತಿಲ್ಲದಿದ್ರೆ ತಾಯಿ ಮಾತು ಮಾತ್ರ ತಗೊಳ್ಳೋದು ಅಣ್ಣ. ಇಲ್ದಿದ್ರೆ ಪಾಪು ಹೆಸರು ಹನಿ ಬಿಟ್ಟುಹೋದ ಮಕ್ಕಳ ಪಟ್ಟಿಗೆ ಹೋಗುತ್ತೆ. ಅವರಮ್ಮ ಎಲ್ಲಿ?"

"ತೀರ್ಕೊಂಡ್ಳು. ಆರು ತಿಂಗಳಾಯ್ತು."

ಹುಡುಗಿ ಮುಖ ಸಣ್ಣದಾಯ್ತು. ಮೊಬೈಲನ್ನ ಮೇಲೆ ಕೆಳಗೆ ಉಜ್ಜಿದಳು. ಅದರಲ್ಲಿ ಇದ್ದದ್ದು ಮೂರೇ: ತಾಯಿ ಮನೇಲಿದ್ದಾರೆ, ಹೊರಗೆ ಹೋಗಿದ್ದಾರೆ, ಉತ್ತರ ಕೊಡಲಿಲ್ಲ.

"ಏನ್ ಒತ್ಲಿ ಅಣ್ಣ?"

ಕೈಲಿದ್ದ ಮೂಟೆ ಕೆಳಗಿಟ್ಟೆ.

"ಹೊರಗೋಗವ್ಳೆ ಅಂತ ಒತ್ಬುಡು."

ಒತ್ತಿದಳು. ಇನ್ನೂ ಎರಡು ಸಲ ಬಂದು ನೋಡಿ ಅಂತ ಮೊಬೈಲು ಹೇಳಿತು.

ಪಾಪ, ಬಂದಳು. ಎರಡು ಸಲವೂ ತಲೆ ಬಗ್ಗಿಸಿಕೊಂಡು ಬಾಗಿಲಲ್ಲಿ ನಿಂತು, "ಬಂದ್ರಾ ಅಣ್ಣ?" ಅಂದಳು. ಕೇಳದೆ ಮುಂದಕ್ಕೆ ಹೋಗೋಕೆ ಮೊಬೈಲು ಬಿಡ್ತಿರಲಿಲ್ಲವಂತೆ.

"ಇನ್ನೂ ಇಲ್ಲ ಕಣಮ್ಮ," ಅಂದೆ.

ಮಗಳು ಆ ಪಟ್ಟಿಗೆ ಸೇರಿದಳು. ಹನಿ ಡಬ್ಬಿ ಮನೆಗೇ ಬಂತು, ಇನ್ನೊಂದು ಸಲ ಬಾಯಿ ತೆರೆದಳು. ಅದಕ್ಕೆ ನನಗೇನೂ ಬೇಜಾರಿಲ್ಲ.

ನಿನ್ನ ಹೆಂಡ್ತಿ ಇನ್ನು ಬರಲ್ಲ, ಮನಸ್ಸು ಗಟ್ಟಿ ಮಾಡ್ಕೋ ಅಂತ ಊರೋರೆಲ್ಲ ನನಗೆ ಹೇಳಿ ಮುಗಿಸಿದ್ದರು. ನನ್ನ ಜೊತೆ ಕಾದದ್ದು ಆ ಮೊಬೈಲು ಒಂದೇ.