ಮಗು ಎನ್ನಬಾರದ ಮನೆ

ಮಗು ಎನ್ನುವುದಕ್ಕೆ ನಮ್ಮ ಕಡೆ ಮಾತಿನ ಬರವೇನೂ ಇರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ, ಕಾರ್ಖಾನೆಯ ಕೆಲಸಗಾರರೇ ತುಂಬಿದ್ದ ನಮ್ಮ ಸಾಲಿನಲ್ಲಂತೂ ಮನೆಗೊಂದು ಮಾತು. ತಮಿಳರ ಮನೆಯಲ್ಲಿ ಕೊಳಂದೆ, ತೆಲುಗರ ಮನೆಯಲ್ಲಿ ಬಿಡ್ಡ, ಪಕ್ಕದ ಮುಸ್ಲಿಮರ ಮನೆಯಲ್ಲಿ ಬಚ್ಚಾ. ಡಾಕ್ಟರು ಮಗು ಎನ್ನುತ್ತಿದ್ದರು, ಶಾಲೆಯ ಪಾಠದಲ್ಲಿ ಅದೇ ಶಿಶುವಾಗುತ್ತಿತ್ತು. ಹಳ್ಳಿಯಿಂದ ಬಂದ ನಮ್ಮಜ್ಜಿಗೆ ತೊಟ್ಟಿಲಲ್ಲಿದ್ದರೆ ಕೂಸು, ಅತ್ತರೆ ಕಂದ, ನಕ್ಕರೆ ಪುಟ್ಟ, ತೊಡೆಯ ಮೇಲೆ ನಿದ್ದೆ ಹೋದರೆ ಮರಿ, ಹಾಲಿನ ಲೋಟ ಉರುಳಿಸಿದರೆ ಪೀಡೆ. ನನ್ನ ಪಾಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಆ ಕೊನೆಯದೇ.

ಇಷ್ಟೆಲ್ಲ ಇದ್ದೂ ನನ್ನ ಕೊನೆಯ ತಮ್ಮನಿಗೆ ಮನೆಯಲ್ಲಿ ಇವುಗಳಲ್ಲಿ ಒಂದೂ ದಕ್ಕಲಿಲ್ಲ. ಅವನನ್ನು ನಾವು 'ಅದು' ಎನ್ನುತ್ತಿದ್ದೆವು. ಇದನ್ನು ಬರೆಯುವಾಗಲೂ ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ನಾನು ಮಾಡುತ್ತೇನೆ.

ನನ್ನ ಬೆನ್ನಿಗೆ ಹುಟ್ಟಿದ ಎರಡು ಗಂಡುಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ನನಗೆ ಒಂಬತ್ತು. ಇದಾದರೂ ಉಳಿಯಲಿ ಎಂದು ಅಜ್ಜಿ ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲಿನ ತಿಪ್ಪೆಯ ಮೇಲಿಟ್ಟಳು. ಪಕ್ಕದ ಮನೆಯ ಲಾರಿ ಡ್ರೈವರನ ಹೆಂಡತಿ, ನಾನು ಖಾಲಾ ಎಂದು ಕರೆಯುತ್ತಿದ್ದವಳು, ಒಂದು ಸೇರು ತೌಡು ಕೊಟ್ಟು ಅದನ್ನು ಕೊಂಡುಕೊಂಡಳು. ಹೆತ್ತ ಐದೂ ಉಳಿದ ಹೆಂಗಸು, ಅವಳ ಕೈಗುಣ ಒಳ್ಳೆಯದು ಎಂಬ ನಂಬಿಕೆ. ಹಾಗೆ ಕೊಂಡದ್ದನ್ನು ಸಾಕಲು ಎಂದು ಮತ್ತೆ ಅಮ್ಮನ ಮಡಿಲಿಗೇ ಹಾಕಿದರು.

"ಇನ್ನು ಇದು ಅವಳದು. ನಾವು ಸಾಕೋಕೆ ಇಟ್ಕೊಂಡಿದೀವಿ, ಅಷ್ಟೆ," ಎಂದಳು ಅಜ್ಜಿ. "ವರ್ಷ ತುಂಬೋ ತನಕ ಈ ಮನೇಲಿ ಯಾರೂ ಮಗು, ಕೂಸು, ಕಂದ ಅನ್ಕೂಡದು. ಯಾರು ಕೇಳಿದ್ರೂ ನಮ್ಮದಲ್ಲ ಅನ್ಬೇಕು. ಎರಡನ್ನ ಒಯ್ದೋನು ಇನ್ನೂ ಬಾಗಿಲಲ್ಲೇ ನಿಂತು ಕೇಳ್ತಿರ್ತಾನೆ."

ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ನಿಂತು ದುಡಿಯುವ ಗಟ್ಟಿ ಆಳು, ಆದರೂ ಅಂದಿನಿಂದಲೇ ಅವನೂ 'ಅದು' ಎನ್ನತೊಡಗಿದ. ಅಮ್ಮ ಜೋಗುಳದ ಮಾತೆಲ್ಲ ಬಿಟ್ಟು ಹೂಂ ಹೂಂ ಎಂದು ಬರೀ ರಾಗದಲ್ಲೇ ಅದನ್ನು ಮಲಗಿಸುತ್ತಿದ್ದಳು.

ಖಾಲಾಗೆ ಇದೆಲ್ಲ ತಮಾಷೆ. ಬೆಳಿಗ್ಗೆ ಬಾಗಿಲಿಗೆ ಬಂದು, "ಏನಮ್ಮಾ, ನನ್ನ ಬಚ್ಚಾನ ಸರಿಯಾಗಿ ನೋಡ್ಕೊಳ್ತಿದೀಯಾ? ಇಲ್ಲಾಂದ್ರೆ ವಾಪಸ್ ತಗೊಂಡ್ ಹೋಗ್ತೀನಿ ನೋಡು," ಎನ್ನುವಳು. "ತಗೊಂಡ್ ಹೋಗೇ ಮಾರಾಯ್ತಿ, ನನಗೂ ಸ್ವಲ್ಪ ಆರಾಮಾಗುತ್ತೆ," ಎಂದು ಅಮ್ಮ ನಗುತ್ತಿದ್ದಳು. ಆದರೆ ಖಾಲಾ ನಿಜವಾಗಿಯೂ ಎತ್ತಿಕೊಂಡರೆ ಅಮ್ಮನ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು.

ವರ್ಷ ತುಂಬಲು ಹನ್ನೊಂದು ದಿನ ಬಾಕಿ ಇದ್ದಾಗ ಅದಕ್ಕೆ ಜ್ವರ ಬಂತು. ಮೂರನೆಯ ದಿನಕ್ಕೆ ಎದೆ ಗೊರಗೊರ ಎನ್ನತೊಡಗಿತು, ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಶಿವಮೊಗ್ಗಕ್ಕೆ ಕರೆದೊಯ್ಯಿರಿ ಎಂದರು ಡಾಕ್ಟರು. ಅಪ್ಪ ಬೆಳಗಿನ ಪಾಳಿಯಲ್ಲಿದ್ದ, ಅವನಿಗೆ ಹೇಳಿಕಳಿಸಿ ನಾವು ಬಸ್ಸು ಹತ್ತಿದೆವು. "ಕೊಂಡವಳೇ ಎತ್ಕೊಳ್ಳಲಿ. ನೀನು ಮಾತ್ರ ಬಾಯಿ ಬಿಡ್ಬೇಡ," ಎಂದು ಅಜ್ಜಿ ಅಮ್ಮನಿಗೆ ಮತ್ತೆ ಮತ್ತೆ ಹೇಳಿ ಕಳಿಸಿದ್ದಳು. ದಾರಿಯುದ್ದಕ್ಕೂ ಅದು ಖಾಲಾಳ ತೊಡೆಯ ಮೇಲಿತ್ತು. ಅಮ್ಮ ಅದರ ಕಾಲು ಹಿಡಿದುಕೊಂಡು ಕೂತಿದ್ದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಒಳ್ಳೆಯ ಹೆಂಗಸು. "ವಾರ್ಡಿನೊಳಗೆ ಒಬ್ಬರೇ ಇರ್ಬಹುದು. ತಾಯಿ ಯಾರು?" ಎಂದಳು. ಖಾಲಾ ಅಮ್ಮನ ಮುಖ ನೋಡಿದಳು. ಅಮ್ಮ ಖಾಲಾಳನ್ನು ತೋರಿಸಿದಳು. ನರ್ಸಮ್ಮನಿಗೆ ಅನುಮಾನ ಬಂತೋ ಏನೋ, ಬಗ್ಗಿ ನನ್ನನ್ನು ಕೇಳಿದಳು, "ನಿನ್ನ ತಮ್ಮನಾ?"

"ಅಲ್ಲ, ಪಕ್ಕದ ಮನೇದು," ಎಂದೆ ನಾನು.

ಹೇಳಬೇಕಾದ್ದನ್ನು ತಪ್ಪಿಲ್ಲದೆ ಹೇಳಿದೆನೆಂದು ಆಗ ನನಗೆ ಹೆಮ್ಮೆಯೇ ಆಗಿತ್ತು. ಅಯ್ಯೋ, ಆ ಬಾಯಿಗೆ ಏನು ಬಡಿದಿತ್ತೋ! ಅಜ್ಜಿಯನ್ನು ಬೈಯುತ್ತೇನಲ್ಲ, ಅದರಲ್ಲಿ ಅರ್ಧ ಬೈಗುಳ ನನಗೇ ಸೇರಬೇಕಾದ್ದು.

ಖಾಲಾ ಒಳಗೆ ಹೋದಳು, ಅಮ್ಮ ಮತ್ತು ನಾನು ವರಾಂಡದ ಬೆಂಚಿನ ಮೇಲೆ ಕೂತೆವು. ಉರಿಬಿಸಿಲಿನ ಮಧ್ಯಾಹ್ನ. ಸ್ವಲ್ಪ ಹೊತ್ತಿಗೇ ಖಾಲಾ ಹೊರಗೆ ಬಂದಳು. "ಹಾಲು ಕುಡಿಸು ಅಂತಾರೆ. ನನ್ನ ಹತ್ರ ಎಲ್ಲಿದೆ ಹಾಲು? ನೀನು ಬಾ."

ಅಮ್ಮ ತಲೆಯಾಡಿಸಿದಳು. "ಚಮಚದಲ್ಲಿ ಹಾಕು."

"ಚಮಚದಲ್ಲಿ ಹಾಕಿದ್ದು ಒಳಗೆ ಇಳೀತಿಲ್ಲ. ಮುಖ ತಿರುಗಿಸಿ ತಿರುಗಿಸಿ ನಿನ್ನನ್ನೇ ಹುಡುಕ್ತಿದೆ. ಎದ್ದೇಳು!"

"ಇನ್ನು ಒಂಬತ್ತೇ ದಿನ ಕಣೇ," ಎಂದಳು ಅಮ್ಮ. ಅವಳ ರವಿಕೆ ಹಾಲಿಗೆ ಒದ್ದೆಯಾಗಿತ್ತು, ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಇಷ್ಟು ದಿನ ತಡಕೊಂಡಿದೀನಿ. ಈಗ ನಾನು ಒಳಗೆ ಬಂದು ನನ್ನದು ಅಂದ್ಬಿಟ್ರೆ, ಆಮೇಲೆ ಅದು ಹೋದ್ರೆ? ನಾನೇ ಕೊಂದ ಹಾಗಲ್ವಾ?"

"ಯಾ ಅಲ್ಲಾ!" ಖಾಲಾ ಹಣೆ ಬಡಿದುಕೊಂಡಳು. "ಯಾರು ಹೆತ್ತಿದ್ದು ಅಂತ ಮೇಲಿರೋನಿಗೆ ಗೊತ್ತಿಲ್ವೇನೇ? ಒಂದು ಸೇರು ತೌಡಿಗೆ ಅವನು ಮೋಸ ಹೋಗ್ತಾನಾ?"

ಅಮ್ಮ ಎದ್ದಳು. ವಾರ್ಡಿನ ಬಾಗಿಲ ತನಕ ಹೋದಳು, ಚಿಲಕದ ಮೇಲೆ ಕೈಯಿಟ್ಟಳು. ಆಮೇಲೆ ಹೆದರಿ ವಾಪಸು ಬಂದು ಕೂತುಬಿಟ್ಟಳು. ಖಾಲಾ ಅಳುತ್ತಾ ಒಬ್ಬಳೇ ಒಳಗೆ ಹೋದಳು.

ಅಪ್ಪ ಇನ್ನೂ ಬಂದಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ವರಾಂಡಕ್ಕೆ ಬಂದಳು. ಹಿಂದೆಯೇ ಬಂದ ಖಾಲಾಳ ಕಡೆ ಅದನ್ನು ಚಾಚಿ, "ತಗೋಮ್ಮ, ಗಟ್ಟಿ ಮನಸ್ಸು ಮಾಡ್ಕೋ," ಎಂದಳು. ಖಾಲಾ ಕೈ ಹಿಂದಕ್ಕೆಳೆದುಕೊಂಡು ಅಮ್ಮನನ್ನು ತೋರಿಸಿದಳು. "ನಾನಲ್ಲ. ತಾಯಿ ಅವಳು."

ನರ್ಸಮ್ಮ ಅಮ್ಮನ ಒದ್ದೆ ಸೆರಗನ್ನು ನೋಡಿದಳು. "ಹೊರಗೇ ಇದ್ಯೇನಮ್ಮಾ ಇಷ್ಟೊತ್ತೂ? ಕೊನೇ ತನಕ ಬಾಯಿ ಚಪ್ಪರಿಸ್ತಾನೇ ಇತ್ತಲ್ಲಮ್ಮಾ."

ಅಮ್ಮ ಎರಡೂ ಕೈ ಚಾಚಿದಳು. "ಕೊಡಿ, ನನ್ನ ಮಗು," ಎಂದಳು. ಬೆಂಚಿನ ಮೇಲೆ ಕೂತು, ಮುಖದ ಮೇಲಿನ ಬಟ್ಟೆ ಸರಿಸಿ, ಅಷ್ಟು ಜನರ ಎದುರಿಗೇ ರವಿಕೆ ಬಿಚ್ಚಿ ಅದರ ಬಾಯನ್ನು ಎದೆಗೆ ಹಚ್ಚಿದಳು.

"ಕುಡಿ ಕಂದಾ," ಎಂದಳು.