ನಾನು ಬಾಗಿಲು ತಡೆದ ಮದುವೆ

ಇಂದು ಬೆಳಿಗ್ಗೆ ಪಕ್ಕದ ಮನೆಯ ಹೊಸ ಸೊಸೆ ಅಂಗಳಕ್ಕೆ ಬಂದು, "ಸುರೇಶ, ಚಹಾ ಆರಾಕತ್ತದ ನೋಡು!" ಎಂದು ಗಂಡನನ್ನು ಕೂಗಿದಳು. ಕಟ್ಟೆಯ ಮೇಲೆ ಮೆಂತ್ಯದ ಪಲ್ಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದ ನಮ್ಮ ನಾಲ್ವರಲ್ಲಿ ಮೂವರ ಕೈ ಅಲ್ಲೇ ನಿಂತಿತು. "ಕಾಲ ಕೆಟ್ಟತವ್ವಾ" ಎಂದು ಒಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಹಿರಿಯಳು ನಾನು, ತೀರ್ಪು ಕೊಡಬೇಕಲ್ಲ! ನನಗೋ ನಗು. ಕಾಲ ಕೆಟ್ಟದ್ದು ಇಂದಲ್ಲರೀ. ನಿಜಾಮರ ರಾಜ್ಯವಿದ್ದಾಗಲೇ ನಮ್ಮ ತವರಿನ ಹೊಸ್ತಿಲ ಮೇಲೆ ಅದು ಒಮ್ಮೆ ಕೆಟ್ಟಿತ್ತು. ಆಗ ಅದಕ್ಕೆ ಅಡ್ಡ ನಿಂತವಳು ಬೇರೆ ಯಾರೂ ಅಲ್ಲ, ನಾನೇ.

ತವರೆಂದರೆ ಭೂಸನೂರಿನ ಕಡೆಯ ಒಂದು ಹಳ್ಳಿ. ಈಗ ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು; ಆಗ ಜೋಳ, ತೊಗರಿ, ನಡುನಡುವೆ ಮುಳ್ಳಿನ ಕುಸುಬೆ. ನನ್ನ ಅಣ್ಣ ಗುರುನಾಥನ ಮದುವೆ, ನಮ್ಮ ಮನೆಯ ಚಪ್ಪರದಲ್ಲೇ. ಹುಡುಗಿ ನೀಲವ್ವ, ಮಾದನಹಿಪ್ಪರಗಾದವಳು. ನಾನು ಅವನಿಗಿಂತ ಚಿಕ್ಕವಳಾದರೂ ಎರಡು ವರ್ಷ ಮೊದಲೇ ಜೇವರ್ಗಿಗೆ ಸೊಸೆಯಾಗಿ ಹೋಗಿದ್ದೆ. ಹಾಗಾಗಿ ಆ ದಿನ ನನ್ನದು ಭಾರೀ ದರ್ಬಾರು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇದ್ದ ಕೆಲಸಕ್ಕಿಂತ ಎರಡು ಪಾಲು ಹೆಚ್ಚು ಓಡಾಡಿದೆ.

ಅಕ್ಷತೆ ಬಿದ್ದ ಮೇಲೆ ಅರಿಷಿಣದ ನೀರಿನಲ್ಲಿ ಉಂಗುರ ಹುಡುಕುವ ಆಟ. ಮೂರು ಸಲದಲ್ಲಿ ಹೆಚ್ಚು ಸಲ ಗೆದ್ದವರ ಒಂದು ಮಾತನ್ನು ಸೋತವರು ನಡೆಸಬೇಕು. ಸಾಮಾನ್ಯವಾಗಿ ಮದುಮಗಳು ನೀರಿಗೆ ಬೆರಳದ್ದಿ ನಾಚಿಕೊಂಡು ಕೂಡುವುದು, ಮದುಮಗ ಗೆಲ್ಲುವುದು. ನೀಲವ್ವ ಹಾಗಲ್ಲ. ಬಳೆ ಮೇಲೆ ಸರಿಸಿಕೊಂಡು, ಮೊಣಕೈತನಕ ಕೈಯಿಳಿಸಿ ಮೂರು ಸಲವೂ ಉಂಗುರ ಎತ್ತಿದಳು. ಅಣ್ಣನ ಪೇಟದ ತುಂಬ ಅರಿಷಿಣದ ನೀರು. "ಕೇಳು, ಏನ್ ಬೇಕು?" ಎಂದ ಅವನು, ಮೂಗಿನ ತುದಿ ಒರೆಸಿಕೊಳ್ಳುತ್ತ. "ಈಗಲ್ರಿ. ವ್ಯಾಳ್ಯಾ ಬಂದಾಗ ಕೇಳ್ತೇನಿ" ಎಂದಳು.

ಆ ವೇಳೆ ಬಂದದ್ದು ನಾನು ಬಾಗಿಲು ತಡೆದಾಗ. ಗಂಡನ ಹೆಸರನ್ನು ಬಾಯಲ್ಲಿ ತರಬಾರದು. ಆದರೆ ಮದುವೆಯ ದಿನ ಎರಡು ಸಾಲಿನ ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಆ ಹೆಸರು ಹೇಳದೆ ಒಳಗೆ ಕಾಲಿಡಬಾರದು. ನಮ್ಮ ಹಿರಿಯರ ನ್ಯಾಯವೇ ಹಾಗೆ. ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತು, "ಹೆಸರ ಹೇಳು, ಒಳಗ ಬಾ" ಎಂದೆ. ನೀಲವ್ವ ಗಂಡನ ಕಡೆ ತಿರುಗಿದಳು. "ಮೊದಲು ನೀವು ನನ್ನ ಹೆಸರು ಹೇಳ್ರಿ. ಒಡಪು ಕಟ್ಟೇ ಹೇಳಬೇಕ್ರಿ. ಗೆದ್ದಾಕಿ ಮಾತು ಇದೇ."

ಹಲಗೆ ಬಾರಿಸುವವರ ಕೈಯೂ ನಿಂತಿತು. ನಮ್ಮ ಸೋದರತ್ತೆ ಮುಂದೆ ಬಂದಳು. ಆ ಮನೆಯಲ್ಲಿ ಅವಳ ಮಾತೇ ಮಾತು. "ಹೆಂಡ್ತಿ ಹೆಸರು ಹೇಳಿ ಮನಿ ಹೊಗತಾನೇನು ನಮ್ಮ ಹುಡುಗ? ನಾಳಿ ಊರಾಗ ತಲಿ ಎತ್ತಿ ತಿರಗಬೇಕಾಂವ! ಹಟ ಬಿಡದಿದ್ರ ಇವರ ಬಂಡಿ ಹಿಂದಕ್ಕ ಹೊಳ್ಳಸ್ರಿ!" ಬೀಗರ ಮುಖ ಸುಣ್ಣವಾಯಿತು. ಸೋದರತ್ತೆ ಆಡಿದ ಮಾತನ್ನು ನುಂಗಿದವಳಲ್ಲ. ನೀಲವ್ವನ ತುಟಿ ಅದುರುತ್ತಿತ್ತು, ಆದರೆ ಕಾಲು ಕದಲಲಿಲ್ಲ.

ನಿಜ ಹೇಳುತ್ತೇನೆ, ನಿಮ್ಮ ಮುಂದೆ ಮುಚ್ಚುಮರೆ ಏಕೆ? ನನಗೆ ಹೊಟ್ಟೆ ಉರಿಯಿತು. ಜೇವರ್ಗಿಯ ಬಾಗಿಲಲ್ಲಿ ನಡುಗುತ್ತ ಒಡಪು ಹೇಳಿದ್ದೆ. ಆದರೆ ನನ್ನ ಹೆಸರು ನನ್ನವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. "ಕೇಳ್ತೇನು", "ಎಲ್ಲಿ ಹೋದಿ", ಬಹಳವಾದರೆ ಒಂದು ಕೆಮ್ಮು. ಒಂದು ಕೆಮ್ಮಿಗೆ ನೀರು, ಎರಡಕ್ಕೆ ಊಟ. ಒಮ್ಮೆ ಅವರಿಗೆ ನಿಜವಾಗಿಯೇ ನೆಗಡಿಯಾದಾಗ ನಾನು ದಿನವೆಲ್ಲ ತಂಬಿಗೆ ಹಿಡಿದು ಓಡಾಡಿ ಬೈಸಿಕೊಂಡೆ. ನನಗಿಲ್ಲದ್ದು ಇವಳಿಗೇಕೆ ಎಂದು ಚೌಕಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

ಅಣ್ಣ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. ಉರ್ದು ಶಾಲೆಯಲ್ಲಿ ಸವಾಲು ಜವಾಬು ಕಲಿತವನಿಗೆ ಒಡಪು ಎಲ್ಲಿಂದ ಬರಬೇಕು? "ಬಿಳಿಜ್ವಾಳದ ರೊಟ್ಟಿಗಿ..." ಎಂದು ನಿಂತ. ಚಪ್ಪರದ ಕಂಬ ನೋಡಿದ, ನನ್ನ ಕೈ ನೋಡಿದ, ಅಡಿಗೆಯ ವಾಸನೆ ಬರುತ್ತಿದ್ದ ಕಡೆ ನೋಡಿದ.

"ಬಿಳಿಜ್ವಾಳದ ರೊಟ್ಟಿಗಿ ಎಣಗಾಯಿ ಪಲ್ಯಾ,
ನೀಲವ್ವ ಒಳಗ ಬರದಿದ್ರ ನನಗೂ ಊಟಿಲ್ಲಾ!"

ಪ್ರಾಸ ಕುಂಟುತ್ತಿತ್ತು, ನಿಜ. ಆದರೆ ಚಪ್ಪರ ಬಿದ್ದುಹೋಗುವಂತೆ ನಗು ಎದ್ದಿತು. ನೀಲವ್ವ ಕಣ್ಣು ಒರೆಸಿಕೊಂಡು, ತಡಮಾಡದೆ ಉತ್ತರ ಕೊಟ್ಟಳು.

"ಹಗೇದಾಗ ತುಂಬ್ಯಾದ ಹಿಂಗಾರಿ ಜ್ವಾಳಾ,
ಗುರುನಾಥರ್ನ ಕಾಯಿಸಿದ್ದು ಆತಲ್ಲ ಭಾಳಾ!"

"ಕೈ ತಗೀಬ್ಯಾಡ!" ಎಂದಳು ಸೋದರತ್ತೆ ನನಗೆ. ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ಅಣ್ಣನ ಮುಖ ಕಂಡಿತು. ಹೆಂಡತಿಯ ಹೆಸರು ಹೇಳಿ ಅವನೇನೂ ಸಣ್ಣವನಾಗಿರಲಿಲ್ಲ. ಅಷ್ಟು ಚೆಂದ ಅವನು ಎಂದೂ ಕಂಡಿರಲಿಲ್ಲ. ನನ್ನ ಎರಡೂ ಕೈ ತಾವಾಗಿಯೇ ಇಳಿದವು. ಸೋದರತ್ತೆ ನನ್ನೊಡನೆ ಮುಂದಿನ ನಾಗರಪಂಚಮಿಯತನಕ ಮಾತಾಡಲಿಲ್ಲ. ಅದು ನನಗೆ ಸುಖವೇ ಆಯಿತೆನ್ನಿ.

ಅಷ್ಟಕ್ಕೇ ಮುಗಿಯಲಿಲ್ಲ. ಬೀಗರ ಕಡೆಯ ಹೆಂಗಸರು ಚಪ್ಪರದ ಗಂಡಸರ ಕಡೆ ತಿರುಗಿ, "ನಿಮ್ಮದೂ ಒಂದೊಂದು ಒಡಪಾಗ್ಲಿ ಬರ್ರಿ" ಎಂದರು. ನೋಡಬೇಕಿತ್ತು ನೀವು! ಒಬ್ಬನಿಗೆ ಎತ್ತಿಗೆ ನೀರು ಕುಡಿಸುವುದು ನೆನಪಾಯಿತು, ಇನ್ನೊಬ್ಬನಿಗೆ ಬಂಡಿಯ ಕೀಲು ಸಡಿಲಾಗಿತ್ತು. ನನ್ನವರು ಎಲ್ಲರಿಗಿಂತ ಮೊದಲು ಎದ್ದು ಹೋದರು. ಅಣ್ಣ ಮಾತ್ರ ಮುಂದೆ ಊರಿಗೆಲ್ಲ ಕೇಳುವಂತೆ "ನೀಲಾ" ಎಂದೇ ಕೂಗಿದ. ಅವನ ತಲೆ ಏನೂ ತಗ್ಗಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಪಲ್ಯ ಸೋಸುವುದು ಮುಗಿದಿತ್ತು. ಒಳಗೆ ಹೋದೆ. ನನ್ನವರು ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅವಳು ನೀರು ಕುಡಿಯಲು ಎದ್ದು ಹೋದದ್ದೇ ತಡ, ಕೇಳಿಯೇಬಿಟ್ಟೆ. "ಇಷ್ಟ ವರ್ಷಾದ್ರೂ ಒಮ್ಮೆರ ನನ್ನ ಹೆಸರು ಹೇಳೀರೇನ್ರಿ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮನ್ಯಾಗ ಎಲ್ಲಾರಿಗೂ ಹೆಸರು ಹಿಡದು ಕರೀತೇನಿ. ಹೆಸರಿಲ್ದೇ ಕರದ್ರ ಅದು ನಿನಗ. ಇಷ್ಟು ದಿನ ತಪ್ಪಿ ಬ್ಯಾರೆ ಯಾರರ ಬಂದಾರೇನು?"

ಇಷ್ಟು ವರ್ಷ ಹೆಸರಿಲ್ಲವೆಂದು ಕೊರಗಿದ ಆ ಕರೆ ನನ್ನೊಬ್ಬಳಿಗೇ ಇಟ್ಟದ್ದಾಗಿತ್ತಲ್ಲ! ಆದರೂ ಹಟ ಬಿಡಲಿಲ್ಲ. "ಒಮ್ಮೆ ಹೇಳ್ರಿ" ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು.

ಹಾಗೆ ಕರೆದರೆ "ಓ" ಎನ್ನಬೇಕು ಎಂಬುದೇ ನನಗೆ ನೆನಪಾಗಲಿಲ್ಲ.