ಇರುವೆ ಬಾರದ ಕೋಣೆ

ಮೇಸ್ತ್ರಿ ಮಂಟಯ್ಯನವರನ್ನು ಮೊದಲ ದಿನದಿಂದಲೇ ನಾನು ನಂಬಲಿಲ್ಲ. ಅವರೂ ನನ್ನನ್ನು ನಂಬಿಲ್ಲ ಅನ್ನುವುದು ಕಾಫಿ ಕೊಟ್ಟಾಗಲೇ ಗೊತ್ತಾಯಿತು. ತಮ್ಮ ಕೈಗೆ ಬಂದ ಲೋಟವನ್ನೊಮ್ಮೆ, ನನ್ನ ಕೈಯ ಲೋಟವನ್ನೊಮ್ಮೆ ನೋಡಿ, ಎರಡೂ ಒಂದೇ ಥರದವು ಅಂತ ಖಾತ್ರಿಯಾದ ಮೇಲೆ ಕುಡಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮನೆಯಿಂದ ಹೊರಡುವಾಗ ಒಂದೇ ಥರದ ಲೋಟಗಳೇ ಇರಲಿ ಅಂತ ನಾನೂ ಆರಿಸಿ ಚೀಲಕ್ಕೆ ಹಾಕಿಕೊಂಡಿದ್ದೆ. ಅದನ್ನೂ ಹೇಳಿಬಿಡಬೇಕಲ್ಲ.

ಮೇಟಗಳ್ಳಿಯಲ್ಲಿ ನಮ್ಮದೊಂದು ಹಳೇ ಗೋಡೌನ್ ಇದೆ. ನಮ್ಮ ಮಾವ ಶಿವಲಿಂಗಯ್ಯನವರು ವ್ಯಾಪಾರದ ಕಾಲದಲ್ಲಿ ಕಟ್ಟಿಸಿದ್ದು. ಅಂಗಡಿ ಮುಚ್ಚಿ ಇಪ್ಪತ್ತೆರಡು ವರ್ಷವಾಗಿ, ಅದು ಬೀಗ ಹಾಕಿಕೊಂಡೇ ಬಿದ್ದಿತ್ತು. ಮಗ ಗುರುಕಿರಣ್ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೊಂದು ಹೆಣ್ಣು ಮಗುವಾಗಿ, ಲಕ್ಷ್ಮೀಪುರಂನ ನಮ್ಮ ಮನೆ ಸಾಲದಾಯಿತು. ಗೋಡೌನನ್ನೇ ಅವನಿಗೆ ಮನೆ ಮಾಡಿಕೊಡೋಣ ಅಂತ ತೀರ್ಮಾನಿಸಿದೆವು. ಇಂಥ ಕೆಲಸಕ್ಕೆ ಅಶೋಕಪುರಂನ ಮಂಟಯ್ಯನೇ ಆಗಬೇಕು ಅಂತ ಕೇಳಿದವರೆಲ್ಲ ಹೇಳಿದರು. ಹಿಟ್ಟಿನ ಗಿರಣಿ, ಅಗರಬತ್ತಿ ಶೆಡ್ಡು, ಮರದ ಡಿಪೋ, ಏನು ಕೊಟ್ಟರೂ ಸಂಸಾರ ಹೂಡುವ ಮನೆ ಮಾಡಿಕೊಡುತ್ತಾರಂತೆ.

ಈ ಮಹಾನುಭಾವರು ಬಂದು ಎರಡು ದಿನ ಕರಣೆಯನ್ನೇ ಮುಟ್ಟಲಿಲ್ಲ. ಗೋಡೆ ತಟ್ಟುವುದು, ನೆಲ ಮೂಸುವುದು, ಕುಕ್ಕರಗಾಲಲ್ಲಿ ಕೂತು ಮೂಲೆ ನೋಡುವುದು. ಅವರ ಹೆಂಡತಿ ಸಿದ್ದಲಿಂಗಮ್ಮ ಊಟದ ಡಬ್ಬಿ ತಂದಾಗ ನಾನು ದೂರು ಹೇಳಿದೆ. ಆಕೆ ನಕ್ಕುಬಿಟ್ಟರು.

"ಅವ್ರು ಅಂಗೇ ಕಣಮ್ಮ. ಟೊಮೆಟೊ ತಕ್ಕಂಡ್ರೂ ತಟ್ಟಿ ನೋಡ್ತಾರೆ."

ಆಮೇಲೆ ದನಿ ಇಳಿಸಿ ಹಳೆಯದೊಂದು ಸಂಗತಿ ಹೇಳಿದರು. ಹತ್ತು ವರ್ಷದ ಹಿಂದೆ ಮಂಟಯ್ಯ ಒಂದು ಬ್ಯಾಟರಿ ರಿಪೇರಿ ಶೆಡ್ಡನ್ನು ಮನೆ ಮಾಡಿಕೊಟ್ಟಿದ್ದರು. ಮಾಲೀಕ ಅದನ್ನು ಸೈಕಲ್ ಅಂಗಡಿ ಅಂದಿದ್ದ. ಆ ಮನೆಯ ಮಗು ಬ್ಯಾಟರಿಯ ಸೀಸ ಕೂತಿದ್ದ ಗೋಡೆ ಕೆರೆದು ತಿಂದು ಆಸ್ಪತ್ರೆ ಸೇರಿತು. ಮಗುವೇನೋ ಉಳಿಯಿತು, ಆದರೆ ಮಂಟಯ್ಯ ಅವತ್ತಿನಿಂದ ಮಾಲೀಕರ ಮಾತು ನಂಬುವುದನ್ನು ಬಿಟ್ಟರು.

ಕಥೆ ಚೆನ್ನಾಗಿತ್ತು, ನನ್ನ ಅನುಮಾನ ಮಾತ್ರ ಹೋಗಲಿಲ್ಲ. ಯಾಕೆಂದರೆ ಮೂಲೆಯ ಕೋಣೆಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಕೆಲಸ ಶುರುವಾಯಿತು. ಅದು ಈಶಾನ್ಯದ ಕೋಣೆ, ತಂಪು, ಬೆಳಕು ಎಲ್ಲ ಇತ್ತು. ಮೊಮ್ಮಗಳು ಶಿವಾನಿಗೆ ಅಂತ ಸೊಸೆ ನಿಶ್ಚಿತಾ ಅದರ ಗೋಡೆಗೆ ಹಳದಿ ಬಣ್ಣವನ್ನೂ ಆರಿಸಿ ಇಟ್ಟಿದ್ದಳು. ಮಂಟಯ್ಯ ಅಲ್ಲಿ ಒಂದು ಇಟ್ಟಿಗೆ ಅಲುಗಿಸಲಿಲ್ಲ. ಅದರ ಮೇಲೆ ನಮ್ಮ ಮಾವ, ಎಂಬತ್ತಾರರ ವಯಸ್ಸಿನಲ್ಲಿ ದಿನಾ ಆಟೋ ಹತ್ತಿ ಬಂದು, ಅದೇ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು.

"ಆ ಕೋಣೆ ಮಗೂಗೆ ಬ್ಯಾಡ. ಸಾಮಾನು ಇಡಕ್ಕೆ ಮಾಡ್ಸಿ," ಅನ್ನುವರು.

ಯಾಕೆ ಅಂತ ಕೇಳಿದರೆ ಕಿವಿ ಕೇಳಿಸದವರ ಹಾಗೆ ಆಚೆ ನೋಡುವರು. ತೀರಿಹೋದ ನಮ್ಮ ಅತ್ತೆಯವರ ಬೆಳ್ಳಿ ಸಾಮಾನು ಏನಾಯಿತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ತಲೆ ಓಡಿತು. ಮುದುಕರು ಅಲ್ಲಿ ಹೂತಿಟ್ಟಿದ್ದಾರೆ, ಮೇಸ್ತ್ರಿಗೆ ವಾಸನೆ ಹತ್ತಿದೆ, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ. ನಾನು ಮೂವರನ್ನೂ ಕಾಯತೊಡಗಿದೆ, ನನ್ನನ್ನೂ ಸೇರಿಸಿ.

ಒಂದು ಸಂಜೆ ಮಂಟಯ್ಯ ಒಂದೊಂದು ಕೋಣೆಯ ನೆಲದ ಮೇಲೂ ಏನೋ ಇಡುತ್ತಿದ್ದುದನ್ನು ಕಂಡು ಸೀದಾ ಹೋಗಿ ನಿಂತೆ.

"ಏನ್ ಮೇಸ್ತ್ರಿ, ಪೂಜೆಗೀಜೆ ಶುರು ಮಾಡ್ಕೊಂಡ್ರಾ?"

"ಪೂಜೆ ಅಲ್ಲ ಕಣಮ್ಮ, ಬೆಲ್ಲ. ದೊಡ್ಡ ಯಜಮಾನ್ರು ಇಲ್ಲಿ ಬರೀ ಬತ್ತ, ಬೆಲ್ಲ ಇತ್ತು ಅಂದ್ರು. ಬಂದಾಗಿಂದ ನೋಡ್ತಿವ್ನಿ, ಮೂಲೆ ಕೋಣೇಲಿ ಒಂದ್ ಇರುವೆ ಇಲ್ಲ. ಜೇಡರ ಬಲೆ ಇಲ್ಲ, ಇಲಿ ತೋಡಿದ ಗುರ್ತಿಲ್ಲ. ಹಳೇ ಗೋಡೌನು ಇಷ್ಟು ಚೊಕ್ಕಟವಾಗಿರಬಾರ್ದು."

ಮಾರನೇ ಬೆಳಿಗ್ಗೆ ನಾನೇ ಮೊದಲು ಹೋಗಿ ನೋಡಿದೆ. ಉಳಿದ ಮೂರು ಕೋಣೆಗಳ ಬೆಲ್ಲಕ್ಕೆ ಇರುವೆಗಳು ಕಪ್ಪಾಗಿ ಮುತ್ತಿದ್ದವು. ಮೂಲೆ ಕೋಣೆಯ ಬೆಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು. ಹಿಂದಿನಿಂದ ಮಂಟಯ್ಯ ಕೇಳಿದರು, "ಮಗು ಅಂಬೆಗಾಲಿಡ್ತದಾ ಅಮ್ಮ?"

ಶಿವಾನಿಗೆ ಏಳು ತಿಂಗಳು. ಆ ವಾರವಷ್ಟೇ ತೆವಳಲು ಕಲಿತಿದ್ದಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಬೆಳ್ಳಿಯ ಯೋಚನೆ ಎಲ್ಲಿಗೆ ಹೋಯಿತೋ, ನಾನು ಬೀದಿ ಬಾಗಿಲಿಗೆ ಹೋಗಿ ನಿಂತೆ. ಮಾವನ ಆಟೋ ಬಂದು ನಿಂತದ್ದೇ ತಡ, ಅವರಿನ್ನೂ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ.

"ಮಾವ, ಆ ನೆಲದ ಕೆಳಗೆ ಏನಿದೆ? ನಿಮ್ಮ ಮರಿಮಗಳು ಅಲ್ಲಿ ಮಲಗಬೇಕಾದೋಳು. ಈಗ ಹೇಳಿಬುಡಿ."

ಅವರು ಊರುಗೋಲನ್ನು ಎರಡು ಸಲ ಕೈ ಬದಲಾಯಿಸಿದರು. ಆಮೇಲೆ ಪಾಠ ಒಪ್ಪಿಸುವ ಹಾಗೆ ಹೇಳಿದರು.

"ಹನ್ನೊಂದು ಮೂಟೆ. ಹೊಲಕ್ಕೆ ಎರಚೋ ಔಷಧಿ ಪುಡಿ. ಇನ್ನು ಮಾರಕೂಡದು ಅಂತ ಆರ್ಡರಾಯ್ತು. ಆಚೆ ಎಸೆದ್ರೆ ಕೇಸಾಗುತ್ತೆ ಅಂತ ಭಯ. ಆಷಾಢದ ಮೊದಲನೇ ಸೋಮವಾರ ಹೂಳಿಸ್ದೆ. ಎದೆಮಟ್ಟ ಗುಂಡಿ. ಎರಡು ಮೂಟೆ ಹರಿದು ಹೋಗಿದ್ವು. ಮೇಲೆ ಆರು ಚಪ್ಪಡಿ."

ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಸ್ಟೋರ್ ರೂಮ್ ಮಾಡಿ ಅನ್ನುವ ಬದಲು ವಿಷ ಇದೆ ಅಂತ ಒಂದು ಮಾತು ಹೇಳಲಾಗಲಿಲ್ಲವೇ ಅಂತ ಕೂಗಾಡಿದೆ. ಮಂಟಯ್ಯ ಕೋಣೆಯ ಬಾಗಿಲೆಳೆದು ಬೀಗ ಹಾಕಿದರು. ಇಂಥದ್ದನ್ನು ತೆಗೆದು ಸಾಗಿಸುವುದಕ್ಕೆ ಬೇರೆಯೇ ಜನ ಇದ್ದಾರೆ, ಅವರಿಗೆ ಫೋನ್ ಮಾಡಿ, ಅಲ್ಲಿಯವರೆಗೆ ನಮ್ಮ ಆಳುಗಳಾಗಲೀ ನಿಮ್ಮವರಾಗಲೀ ಕಾಲಿಡಬಾರದು ಅಂದರು. ಮಗು ಬಚಾವಾಯಿತಲ್ಲ ಅಂತ ನಾನು ಉಸಿರು ಬಿಟ್ಟೆ. ನನ್ನ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಮಂಟಯ್ಯ ಹೋಗಲಿಲ್ಲ. ಮಾವನ ಎದುರೇ ನಿಂತಿದ್ದರು.

"ಗುಂಡಿಗೆ ಇಳಿದೋರು ಯಾರು ಸಾರ್?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಒಬ್ಬ ಹಮಾಲಿ," ಅಂದರು ಮಾವ.

"ಹೆಸ್ರು?"

ಮೂಟೆ, ವಾರ, ಚಪ್ಪಡಿ ಎಲ್ಲ ನೆನಪಿದ್ದ ಮನುಷ್ಯ ಕುರ್ಚಿಯಲ್ಲಿ ಕೂತು ತಲೆಯಾಡಿಸಿದರು. "ಜ್ಞಾಪಕ ಇಲ್ಲ ಕಣಯ್ಯ. ಮಾರನೇ ದಿನದಿಂದ ಅವ್ನು ಕೆಲಸಕ್ಕೆ ಬರ್ಲಿಲ್ಲ," ಅಂದರು.

"ಯಾಕ್ ಬರ್ಲಿಲ್ಲ ಅಂತ ಕೇಳಿ ಕಳಿಸ್ಲಿಲ್ವ?"

"ಇಲ್ಲ," ಅಂದರು ಮಾವ. "ಬೇರೆಯವ್ನು ಸಿಕ್ದ."